ಸರದಿ ಕಲಿಸಿದ ತಿಪ್ಪೇರುದ್ರಮ್ಮ

ಸ್ಟೀಲ್ ಕೊಡದ ಅಂಚು ಬಾಯಿಗೆ ಬಡಿದಾಗ ಚಿತ್ರಾ ಅಳಲಿಲ್ಲ. ಐದು ವರ್ಷದ ಮಗು. ನೆಲಕ್ಕೆ ಕುಸಿದು ಕೂತು, ಬಾಯೊಳಗೆ ಬೆರಳು ಹಾಕಿ, ಅಲ್ಲಾಡುತ್ತಿದ್ದ ಹಲ್ಲನ್ನು ತಾನೇ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿತು. ಆಮೇಲೆ ರಕ್ತ ಲಂಗದ ಮೇಲೆ ಸುರಿಯಿತು. ಆಗ ಕಿರುಚಿತು.

ಹೊಡೆದವನು ಸೂರಪ್ಪ. ದೇವಸಮುದ್ರ ಹೋಬಳಿಯ ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊಲ ಇದ್ದವನು, ಹಿಂದೊಮ್ಮೆ ಪಂಚಾಯ್ತಿ ಮೆಂಬರೂ ಆಗಿದ್ದವನು. ಹೊಡೆದದ್ದು ಹಾಡುಹಗಲಲ್ಲಿ, ಫಿಲ್ಟರ್ ನೀರಿನ ಘಟಕದ ಮುಂದೆ, ಕೊಡ ಹಿಡಿದು ನಿಂತಿದ್ದ ಜನರೆಲ್ಲ ನೋಡುತ್ತಿರುವಾಗ. ನೋಡಿದವರು ಕೊಡಗಳನ್ನು ನೋಡಿಕೊಂಡರು, ಆಕಾಶ ನೋಡಿಕೊಂಡರು. ಬಾಯಿಬಿಟ್ಟವಳು ಒಬ್ಬಳೇ. ಎದುರಿಗಿದ್ದ ಅಂಗನವಾಡಿಗೆ ಬೀಗ ಹಾಕುತ್ತಿದ್ದ ಟೀಚರು ತಿಪ್ಪೇರುದ್ರಮ್ಮ. ಅವಳು ಸೂರಪ್ಪನ ತಮ್ಮ ಅಂಜಿನೇಯನ ಹೆಂಡತಿ. ಹೊಡೆದವನು ಅವಳ ಭಾವ. ಒಂದೇ ಮನೆ, ಒಂದೇ ಒಲೆ.

ಬೀಗದ ಕೈ ಅಲ್ಲೇ ಎಸೆದು ಓಡಿಬಂದವಳು, ಮದುವೆಯಾದಂದಿನಿಂದ ಭಾವನಿಗೆ ಬಹುವಚನ ಬಿಟ್ಟು ಮಾತಾಡದವಳು, ಅಂದು ಏಕವಚನಕ್ಕೆ ಇಳಿದಳು.

"ನಿನ್ನ ಕೈ ಸೇದಿಹೋಗ! ಅದೇನು ಎತ್ತಾ, ಎಮ್ಮೆಯಾ? ಮಗು ಕಣೋ ಅದು!"

"ನೀನು ಸುಮ್ಕಿರು. ಹಟ್ಟಿದು ನನಗೆ 'ಸರಿ' ಅಂತೈತೆ! ನನ್ನ ಮಕ ನೋಡ್ಕಂಡು 'ಸರಿ' ಅಂತೈತೆ!"

'ಸರಿ' ಅಂದರೆ ಆಚೆ ಸರಿ, ಜರುಗು ಎಂದು. ಕುರಿ ಸಾಕುವ ಹಟ್ಟಿಯ ಒಂದು ಹೆಣ್ಣುಕೂಸು, ಊರಿನ ಸೂರಪ್ಪನಿಗೆ, ಸಾಲಿನಲ್ಲಿ ಜರುಗು ಎಂದಿತು ಅಂತ ಅವನ ಕಿವಿಗೆ ಬಿದ್ದಿತ್ತು.

ಆ ಮಗು ಹೇಳಿದ್ದು ಬೇರೆ. ಅದರ ಅಜ್ಜಿ ದೊಡ್ಡಕ್ಕನ ಕೊಡ ನಲ್ಲಿಯ ಕೆಳಗೆ ಇಡುವ ಹೊತ್ತಿಗೆ ಸೂರಪ್ಪ ಬೈಕಿನಲ್ಲಿ ಕ್ಯಾನು ತಂದು, ಆ ಕೊಡವನ್ನು ಕಾಲಲ್ಲಿ ಆಚೆ ತಳ್ಳಿದ್ದ. ದೊಡ್ಡಕ್ಕ ಸುಮ್ಮನೆ ಹಿಂದಕ್ಕೆ ಹೋದಳು. ಅವಳಿಗೆ ಅಭ್ಯಾಸವಾಗಿತ್ತು. ಮಗುವಿಗೆ ಇನ್ನೂ ಆಗಿರಲಿಲ್ಲ. "ಈಗ ನಮ್ಮ ಸರದಿ" ಅಂದಿತು. ಅಷ್ಟೇ. ಸೂರಪ್ಪ ಕೊಡ ಎತ್ತಿದ.

'ಸರದಿ' ಆ ಊರಿನ ಬಾಯಲ್ಲಿ ಇಲ್ಲದ ಪದ. ಅಲ್ಲಿ ಎಲ್ಲರೂ 'ಪಾಳಿ' ಅನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರು 'ವಂತು' ಅನ್ನುತ್ತಾರೆ. ಸರದಿ ಪುಸ್ತಕದ ಪದ. ಅದು ಮಗುವಿನ ಬಾಯಿಗೆ ಬಂದದ್ದು ತಿಪ್ಪೇರುದ್ರಮ್ಮ ಓದಿದ ಕಥೆಯಿಂದ.

ಅವಳ ತವರು ನನ್ನಿವಾಳ. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲ ಹೊರುತ್ತಿದ್ದ. ಮನೆಮಾತು ತೆಲುಗು. ಶಾಲೆಗೆ ಸೇರಿದ ಹೊಸದರಲ್ಲಿ ಮೇಷ್ಟ್ರು ಚಿತ್ರ ತೋರಿಸಿ ಇದೇನು ಎಂದರೆ "ಪಿಲ್ಲಿ" ಅಂದಳು. ಬೆಕ್ಕಿಗೆ ಅವಳಿಗೆ ಗೊತ್ತಿದ್ದದ್ದು ಅದೇ ಹೆಸರು. ಮೇಷ್ಟ್ರು ಕಪಾಳಕ್ಕೆ ಬಾರಿಸಿದರು. ಎಡಗಿವಿ ಸೋರತೊಡಗಿತು. ಅದಾದ ಮೇಲೆ ಆ ಕಿವಿ ಸರಿಯಾಗಿ ಕೇಳಲೇ ಇಲ್ಲ. ಅವಳ ಅವ್ವ ಬಿಸಿ ಎಣ್ಣೆ ಬಿಟ್ಟು ಇನ್ನೊಂದಿಷ್ಟು ಹಾಳು ಮಾಡಿದಳು. ಬೆಕ್ಕು ಎನ್ನುವ ಪದವೇನೋ ಬಂತು. ಆದರೆ ವರ್ಷಗಟ್ಟಲೆ ಅವಳು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ತೆರೆದರೆ ಯಾವ ಪದಕ್ಕೆ ಯಾವ ಏಟು ಬೀಳುತ್ತದೋ ಗೊತ್ತಿರಲಿಲ್ಲ.

ಹೀಗೆ ಪದ ಕಲಿತವರು ಎರಡು ಥರ ಆಗುತ್ತಾರೆ. ಕೆಲವರು ತಾವೂ ಕೋಲು ಹಿಡಿಯುತ್ತಾರೆ. ತಿಪ್ಪೇರುದ್ರಮ್ಮ ಹಿಡಿಯಲಿಲ್ಲ. ಹಾಗಂತ ಅವಳು ಮೆತ್ತಗಿನ ಹೆಂಗಸೇನಲ್ಲ. ಗಂಡನಿಂದ ಒದೆ ತಿಂದವಳು, ತಿರುಗಿ ಕೊಟ್ಟವಳು. ಕೊಳೆತ ಮೊಟ್ಟೆ ಇಳಿಸಿಹೋದ ಸಪ್ಲೈಯವನ ಬೆನ್ನಿಗೆ ಆ ಮೊಟ್ಟೆಗಳನ್ನೇ ಎಸೆದವಳು. ಅಂಗನವಾಡಿ ಕಾರ್ಯಕರ್ತೆಯರ ಧರಣಿಯಲ್ಲಿ ಪೊಲೀಸರು ಕೂದಲು ಹಿಡಿದು ವ್ಯಾನಿಗೆ ಎಳೆದಾಗ ಪೇದೆಯ ಮುಂಗೈ ಕಚ್ಚಿದವಳು. ಮಕ್ಕಳ ಮುಂದೆಯೂ ಬಾಯಿ ಸ್ವಚ್ಛವೇನಿರಲಿಲ್ಲ. ಆದರೆ ಮನೆಯಿಂದ ತಂದ ಮಾತಿಗೆ ಮಗುವಿನ ಮೇಲೆ ಕೈ ಎತ್ತಿದವಳಲ್ಲ.

ಕಥೆ ಓದುವುದರಲ್ಲಿ ಅವಳದ್ದೇ ಒಂದು ವರಸೆ ಇತ್ತು. ಪುಸ್ತಕ ಬಿಡಿಸಿ ಗಡಗಡ ಓದಿ ಮುಗಿಸುತ್ತಿರಲಿಲ್ಲ. ಮೊದಲು ಚಿತ್ರ. "ಇದೇನ್ರೋ?" ಅಂದರೆ ಮಕ್ಕಳು ತಮ್ಮ ಮನೆಯ ಹೆಸರು ಕೂಗುತ್ತಿದ್ದವು. ಒಂದು "ಏನುಗು" ಅಂದರೆ ಇನ್ನೊಂದು "ಆನಿ" ಅನ್ನುತ್ತಿತ್ತು. ಅವಳು ಎರಡನ್ನೂ ಒಪ್ಪಿಕೊಂಡು, "ಇದಕ್ಕೆ ಪುಸ್ತಕದಾಗೆ ಆನೆ ಅಂತಾರೆ, ಇನ್ನೊಂದು ಹೆಸರಿದ್ರೆ ನಿಮಗೇನು ನಷ್ಟ?" ಅನ್ನುತ್ತಿದ್ದಳು. ಒಂದೇ ಕಥೆಯನ್ನು ವಾರವೆಲ್ಲ ಓದುತ್ತಿದ್ದಳು. ಹೊಸ ಪದ ಬಂದ ಕಡೆ ನಿಲ್ಲಿಸಿ, ಎದ್ದು ನಿಂತು ಆಡಿ ತೋರಿಸುತ್ತಿದ್ದಳು. ಮಕ್ಕಳ ಕೈಲೂ ಆಡಿಸುತ್ತಿದ್ದಳು. ಎರಡನೇ ದಿನ ಆ ಪದದ ಹತ್ತಿರ ಬಂದು ಬಾಯಿ ಮುಚ್ಚಿಕೊಂಡರೆ ಮಕ್ಕಳೇ ಕಿರುಚಿ ತುಂಬಬೇಕು. ಆಮೇಲೆ ಆ ಪದವನ್ನು ಪುಸ್ತಕದಿಂದ ಎಬ್ಬಿಸಿಕೊಂಡು ಅಡುಗೆಮನೆಗೆ, ಕೈತೊಳೆಯುವ ಜಾಗಕ್ಕೆ, ಬಯಲಿಗೆ ತರುತ್ತಿದ್ದಳು. ಚಿತ್ರದ ಆಚೆ ಆಡದಿದ್ದ ಪದ ಬಂದ ಪದವಲ್ಲ ಎನ್ನುವುದು ಅವಳ ಲೆಕ್ಕ.

ಸರದಿ ಎನ್ನುವ ಪದ ಇದ್ದ ಆ ಕಥೆಯಲ್ಲಿ ಕೆರೆ ಬತ್ತಿರುತ್ತದೆ. ಒಂದೇ ಗುಂಡಿಯಲ್ಲಿ ನೀರು. ಆನೆ, ಎಮ್ಮೆ, ಆಡುಮರಿ ಸಾಲಾಗಿ ಬರುತ್ತವೆ. ಆನೆ ಕುಡಿದದ್ದೇ ಕುಡಿದದ್ದು. ಕೊನೆಗೆ ಆಡುಮರಿ ಮುಂದೆ ಬಂದು "ಈಗ ನನ್ನ ಸರದಿ" ಅನ್ನುತ್ತದೆ. ಆನೆ ಹಿಂದಕ್ಕೆ ಹೋಗುತ್ತದೆ.

ಮೊದಲ ದಿನವೇ ಚಿತ್ರಾ ಕೇಳಿದ್ದಳು. "ಟೀಚರ್, ಆನೆ ಯಾಕ್ ತುಳೀಲಿಲ್ಲ?"

"ಸರದಿ ಅಂದ್ರೆ ಏನಂತ ಆನೆಗೂ ಗೊತ್ತೈತೆ, ಅದಕ್ಕೆ."

ಪುಸ್ತಕದ ಆನೆಗೆ ಗೊತ್ತಿತ್ತು.

ಆ ವಾರವೆಲ್ಲ ಮೊಟ್ಟೆ ಕೊಡುವಾಗ ತಿಪ್ಪೇರುದ್ರಮ್ಮ ಪಾತ್ರೆ ಹಿಡಿದು "ಯಾರ ಸರದಿ?" ಎಂದು ಕೂಗುತ್ತಿದ್ದಳು. ಊರಿನ ಮಕ್ಕಳೂ ಹಟ್ಟಿಯ ಮಕ್ಕಳೂ ಒಂದೇ ಸಾಲು. ಯಾರು ಮೊದಲು ಬಂದರೋ ಅವರದು ಮೊದಲು. ಸೂರಪ್ಪನ ಮನೆಯದೇ ಆದರೂ ಹಿಂದೆ ಬಂದ ಮಗು ಹಿಂದೆ. ಒಂದು ಸಂಜೆ ದೊಡ್ಡಕ್ಕ ನಗುನಗುತ್ತಾ ಬಂದು ಹೇಳಿದ್ದಳು. ಒಂದು ಕುರಿಮರಿ ಇನ್ನೊಂದನ್ನು ನೂಕಿ ಮೊಲೆಗೆ ಬಾಯಿ ಹಾಕಿದರೆ ಚಿತ್ರಾ ಅದರ ಕಿವಿ ಹಿಂಡಿ "ನಿಂದಾತು, ಈಗ ಅದರ ಸರದಿ" ಅಂದಳಂತೆ. "ಏನ್ ಮಾತು ಕಲಿಸಿದ್ಯೇ ಯವ್ವಾ, ಕುರಿಗೂ ಕೋರ್ಟು ಮಾಡ್ತಾಳೆ!"

ಪಾಳಿ ಅಂತಲೇ ಕಲಿಸಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಕೇಳಿದವರಿಗೆ ಗೊತ್ತಿಲ್ಲದ್ದೇನಲ್ಲ. ಆ ಊರಲ್ಲಿ ಪಾಳಿ ಕೆಟ್ಟುಹೋದ ಪದ. ನೀರಿನ ಹತ್ತಿರ, ರೇಷನ್ ಅಂಗಡಿಯ ಹತ್ತಿರ, ಹಟ್ಟಿಯವರು ಬಂದರೆ "ನಿಮ್ ಪಾಳಿ ಬಂದಾಗ ಕರೀತೀವಿ, ಕೂತ್ಕಳ್ರಿ" ಅನ್ನುತ್ತಿದ್ದರು. ಕೂತವರು ಕೂತೇ ಇರುತ್ತಿದ್ದರು. ಹಟ್ಟಿಯ ಮಕ್ಕಳ ಕಿವಿಯಲ್ಲಿ ಪಾಳಿ ಅಂದರೆ 'ಆಮೇಲೆ' ಎಂದೇ ಅರ್ಥ. ಸರದಿ ಎನ್ನುವ ಪದಕ್ಕೆ ಇನ್ನೂ ಯಾರೂ ಆ ಗತಿ ತಂದಿರಲಿಲ್ಲ.

ಅದಕ್ಕೇ ಅದನ್ನು ಆಡಿದ ಬಾಯಿ ಒಡೆಯಿತು.

ಚಿತ್ರಾಳನ್ನು ಸೀರೆಯ ಸೆರಗಿನಲ್ಲಿ ಸುತ್ತಿ, ಆಟೋ ಹಿಡಿದು, ತಿಪ್ಪೇರುದ್ರಮ್ಮ ಮೊಳಕಾಲ್ಮುರಿಗೆ, ಅಲ್ಲಿಂದ ಚಳ್ಳಕೆರೆಗೆ ಕರೆದೊಯ್ದಳು. ತುಟಿ ಸೀಳಿತ್ತು. ಮುಂದಿನ ಹಲ್ಲುಗಳು ಹೋಗಿದ್ದವು. ದವಡೆ ಬಿರುಕು ಬಿಟ್ಟಿತ್ತು. ತುಟಿಗೆ ಹೊಲಿಗೆ ಹಾಕಿ, ದವಡೆ ಅಲ್ಲಾಡದಂತೆ ಕಟ್ಟಿದರು. ಇನ್ನು ಬಾಯಿ ಬಿಡುವಂತಿಲ್ಲ, ಗಂಜಿ ಮಾತ್ರ ಅಂದರು.

ಅಷ್ಟರಲ್ಲಿ ಊರಲ್ಲಿ ಬೇರೆಯದೇ ನಡೆದಿತ್ತು. ಮಗುವಿನ ಅಪ್ಪ ಚಂದ್ರಣ್ಣ ಕುರಿ ಮೇಯಿಸಿಕೊಂಡು ಬಂದವನು, ಸುದ್ದಿ ಕೇಳಿ, ಕುರಿಗಳನ್ನು ಬಿಟ್ಟಲ್ಲೇ ಬಿಟ್ಟು, ಸೊಪ್ಪು ಸವರುವ ಉದ್ದ ಕಾವಿನ ಕೊಡಲಿ ಹಿಡಿದು ಸೂರಪ್ಪನ ಜಗಲಿಗೆ ಹೋದ. ಸೂರಪ್ಪ ಕಾಫಿ ಕುಡಿಯುತ್ತಿದ್ದ.

"ಬಾಯಿ ಮ್ಯಾಲೇ ಹೊಡೆದ್ಯಾ?"

"ಲೇ, ನಿನ್ನ ಕೂಸು ಅಂದಿದ್ದೇನು ಗೊತ್ತೇನಲೇ?"

ಚಂದ್ರಣ್ಣನಿಗೆ ಅದು ಬೇಕಿರಲಿಲ್ಲ. ಕೊಡಲಿ ತಿರುಗಿಸಿ ಹಿಂಬದಿಯಿಂದ ಹೊಡೆದ. ತಡೆಯಲು ಎತ್ತಿದ ಕೈಯ ಮೂಳೆ ಮುರಿದು ಚರ್ಮದ ಹೊರಗೆ ಬಂತು. ಎರಡನೇ ಏಟು ಭುಜಕ್ಕೆ. ಮೂರನೆಯದು ಬೀಳುವ ಮೊದಲು ಊರಿನ ಗಂಡಸರು ಮೇಲೆ ಬಿದ್ದರು. ಸೈಕಲ್ ಚೈನು, ಪೈಪು, ಕೈಗೆ ಸಿಕ್ಕ ಕಲ್ಲು. ಚಂದ್ರಣ್ಣನ ಒಂದು ಕಣ್ಣು ಊದಿ ಮುಚ್ಚಿಹೋಯಿತು. ಸತ್ತನೆಂದು ತಿಳಿದು ಚರಂಡಿಗೆ ಎಳೆದು ಹಾಕಿದರು. ಅಷ್ಟಕ್ಕೂ ಸಮಾಧಾನವಾಗದೆ ಹಟ್ಟಿಗೆ ನುಗ್ಗಿ ಮರಿಗಳನ್ನು ಕೂಡಿದ್ದ ಮುಳ್ಳುಬೇಲಿಗೆ ಬೆಂಕಿ ಇಟ್ಟರು. ಮರಿಗಳು ಬೇಲಿಗೇ ನುಗ್ಗಿ ನುಗ್ಗಿ ಸುಟ್ಟವು. ಆ ಕೂಗನ್ನು ಕೇಳಿದವರು ಈಗಲೂ ಅದರ ಮಾತೆತ್ತುವುದಿಲ್ಲ.

ಪೊಲೀಸರು ಬಂದು, ಚರಂಡಿಯಲ್ಲಿದ್ದವನನ್ನು ಎತ್ತಿ, ಆಸ್ಪತ್ರೆ ತೋರಿಸಿ, ಜೈಲಿಗೆ ಹಾಕಿದರು. ಕೊಲೆ ಯತ್ನ. ಸೂರಪ್ಪ ಕೈಗೆ ರಾಡು ಹಾಕಿಸಿಕೊಂಡು ಖಾಸಗಿ ಆಸ್ಪತ್ರೆಯ ಮಂಚದಲ್ಲಿ ಮಲಗಿದ. ಅವನ ಮೇಲಿನ ಕೇಸು ಅರ್ಧಕ್ಕೇ ನಿಂತಿತ್ತು. ಮಗು ಬಾಯಿ ಬಿಡುವಂತಿಲ್ಲ. ದೊಡ್ಡಕ್ಕ ಮಗುವಿನ ಅಜ್ಜಿ, ಅವಳ ಮಾತು ಒಬ್ಬಳದೇ ಆದರೆ ನಿಲ್ಲುವುದಿಲ್ಲ. ಸಾಲಿನಲ್ಲಿದ್ದವರು ಯಾರೂ ಏನೂ ನೋಡಿರಲಿಲ್ಲ. ಉಳಿದವಳು ತಿಪ್ಪೇರುದ್ರಮ್ಮ.

ಸಬ್ ಇನ್ಸ್‌ಪೆಕ್ಟರ್ ಕೆಟ್ಟವನೇನಲ್ಲ. ರಾಜಿ ಆದರೆ ಎಲ್ಲರಿಗೂ ಒಳ್ಳೆಯದು ಅನ್ನುವ ಜಾತಿ.

"ನೋಡಮ್ಮ, ಹಿಂಗ್ ಮಾಡಣ. ಮಗೂಗೆ ಅರ್ಥ ಗೊತ್ತಿರಲಿಲ್ಲ, ಕಥೆ ಪುಸ್ತಕದ್ದು ಗಿಳಿ ಥರ ಒದರ್ತು. ಸೂರಪ್ಪನೋರು ತಪ್ಪಾಗಿ ಕೇಳಿಸ್ಕಂಡ್ರು. ಹೆದರ್ಸಕ್ಕೆ ಕೊಡ ಎತ್ತಿದ್ರು, ಕೈ ಜಾರ್ತು. ಇಷ್ಟು ನೀನು ಹೇಳಿದ್ರೆ ಅವರು ಚಂದ್ರಣ್ಣನ ಮೇಲಿನ ಕೇಸು ಹಗುರ ಮಾಡ್ಕಳಕ್ಕೆ ಒಪ್ಪಿದಾರೆ. ಇಬ್ಬರೂ ಮನೇಲಿರ್ತಾರೆ."

"ಕೈ ಜಾರಿದ್ದಲ್ಲ ಸಾರ್. ನಾನು ನೋಡೀನಿ."

"ನೋಡಿದ್ದು ನೀನೊಬ್ಬಳೇ. ಯೋಚನೆ ಮಾಡು."

ಮನೆಯಲ್ಲಿ ಯೋಚನೆಗೆ ಜಾಗ ಇರಲಿಲ್ಲ. ಗಂಡ ಅಂಜಿನೇಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಲೇ ತಿಪ್ಪಿ, ನಮ್ಮಣ್ಣ ಜೈಲಿಗೆ ಹೋದ್ರೆ ಈ ಮನ್ಯಾಗೆ ನೀನಿರಲ್ಲ."

"ನಿಮ್ಮಣ್ಣ ಮಗೂ ದವಡೆ ಮುರಿದಾನೆ."

"ಹಾಲುಹಲ್ಲು ತಾನೆ? ಮತ್ತೆ ಬರ್ತಾವೆ. ನಮ್ಮಣ್ಣನ ಕೈ ಬರ್ತೈತಾ?"

ಅವಳು ಪಕ್ಕಕ್ಕೆ ಹಾಯಲು ಹೋದಳು. ಅವನು ಪಂಪ್‌ಸೆಟ್ಟಿನ ಸ್ಪ್ಯಾನರಿನಿಂದ ಕೇಳುವ ಕಿವಿಯ ಮೇಲೆ ಹೊಡೆದ. ಕಿವಿಯ ಹಾಲೆ ಹರಿದು ಕುತ್ತಿಗೆಗೆ ರಕ್ತ ಇಳಿಯಿತು. ತಿಪ್ಪೇರುದ್ರಮ್ಮ ಗೋಡೆ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಒಲೆಯ ಪಕ್ಕದ ಮುದ್ದೆ ಕೋಲು ತೆಗೆದು ಅವನ ಮೊಣಕಾಲಿಗೆ ಬಾರಿಸಿದಳು. ಬಿದ್ದವನ ಮೇಲೆ ಇನ್ನೊಂದು. ಆಮೇಲೆ ಅವನನ್ನು ದಾಟಿಕೊಂಡು ಹೊರಗೆ ಹೋದಳು. ಸೆರಗನ್ನು ಕಿವಿಗೆ ಒತ್ತಿ ಹಿಡಿದೇ ಹಟ್ಟಿಗೆ ನಡೆದಳು.

ಕಷ್ಟದ ವಿಷಯ ಇದ್ದದ್ದು ಅಲ್ಲಿ. ಅವಳು ನಿಜ ಹೇಳಿದರೆ ಸೂರಪ್ಪ ಒಳಗೆ ಹೋಗುತ್ತಾನೆ, ಸರಿ. ಆದರೆ ಚಂದ್ರಣ್ಣನೂ ಒಳಗೇ ಉಳಿಯುತ್ತಾನೆ. ಅದು ಅವಳ ಒಬ್ಬಳ ಮೈಮೇಲೆ ಬೀಳುವ ಏಟಲ್ಲ.

ದೊಡ್ಡಕ್ಕ ಸುಟ್ಟ ಬೇಲಿಯ ಬೂದಿ ಗುಡಿಸುತ್ತಿದ್ದಳು. ಚಿತ್ರಾ ಕಂಬಳಿಯ ಮೇಲೆ ಕಟ್ಟಿದ ಬಾಯಿಯಲ್ಲಿ ಕೂತಿದ್ದಳು. ತಿಪ್ಪೇರುದ್ರಮ್ಮನನ್ನು ನೋಡಿದ್ದೇ ದೊಡ್ಡಕ್ಕ ಪೊರಕೆ ಎಸೆದಳು.

"ಪೊಲೀಸರು ಇಲ್ಲಿಗೂ ಬಂದಿದ್ರು. ಗಿಳಿ ಥರ ಒದರ್ತು ಅಂತ ಹೇಳಿಬಿಡು ಕಣೆ. ನನ್ನ ಮಗ ಹೊರಗ್ ಬರ್ಲಿ."

"ಹೇಳ್ತೀನಿ ದೊಡ್ಡಕ್ಕ. ನೀನು ಹೇಳು ಅಂದ್ರೆ ಹೇಳ್ತೀನಿ."

"ಮತ್ತೆ ಇಲ್ಲಿಗ್ಯಾಕ್ ಬಂದೆ? ಕಿವಿಗೇನಾತು?"

"ಬಾಗಿಲು ಬಡೀತು."

"ಬಾಗಿಲ ಹೆಸರು ಅಂಜಿನೇಯ ಅಲ್ಲೇನು?"

ತಿಪ್ಪೇರುದ್ರಮ್ಮ ಮಗುವಿನ ಪಕ್ಕ ಕುಳಿತಳು. "ಒಂದು ಮಾತು ಹೇಳ್ತೀನಿ, ಆಮೇಲೆ ನೀನು ಹೇಳಿದಂಗೆ ಮಾಡ್ತೀನಿ. ಇವತ್ತು ಇದು ಗಿಳಿ ಅಂತ ನಾನು ಬರಸಿಬಿಟ್ರೆ, ನಾಳೆ ಇವಳು ಏನೇ ಹೇಳಿದ್ರೂ ಗಿಳಿ ಮಾತೇ ಆಗ್ತೈತೆ. ದೊಡ್ಡವಳಾಗ್ತಾಳೆ. ಯಾವನೋ ಒಬ್ಬ ಕೈ ಹಾಕ್ತಾನೆ. ಇವಳು ಅವನ ಹೆಸರು ಹೇಳ್ತಾಳೆ. ಆಗಲೂ ಇದೇ ಪೊಲೀಸರು, ಆ ಹಟ್ಟಿ ಹುಡುಗಿಗೆ ಅರ್ಥ ಗೊತ್ತಿಲ್ಲದೆ ಒದರೋ ಚಾಳಿ, ಹಿಂದೆಯೂ ಹಂಗೇ ಬರದೈತೆ ಅಂತಾರೆ. ಇವಳಿಗೆ ಅರ್ಥ ಗೊತ್ತಿತ್ತು ದೊಡ್ಡಕ್ಕ. ಕುರಿಮರಿಗೆ ಹೇಳಿದ್ದು ನೀನೇ ನಂಗೆ ಹೇಳಿದ್ದೆ."

ದೊಡ್ಡಕ್ಕ ಎಲೆಅಡಿಕೆ ಅಗಿದಳು. ಕಡೆಗೆ ಬೂದಿಗೆ ಉಗಿದು, "ನನ್ನ ಹೊಟ್ಟೆಗೆ ಬೆಂಕಿ ಇಡಕ್ಕೇ ಬಂದಿದೀಯ ನೀನು" ಅಂದಳು. "ಹೋಗು. ಇದ್ದಿದ್ದು ಇದ್ದಂಗೆ ಹೇಳು. ಅವನಿಗೆ ಒಳಗೆ ಮುದ್ದೆ ಹಾಕ್ತಾರೆ, ಸಾಯಲ್ಲ. ಈಗಲೇ ಹೋಗು, ನಾನು ಮನಸು ಬದಲಾಯ್ಸದ್ರೊಳಗೆ."

ಕಿವಿಗೆ ಹೊಲಿಗೆ ಹಾಕಿಸಿಕೊಳ್ಳುವ ಮೊದಲು ತಿಪ್ಪೇರುದ್ರಮ್ಮ ಠಾಣೆಗೆ ಹೋದಳು. ಕೊಡ ಎತ್ತಿದ್ದು, ಗುರಿ ಇಟ್ಟಿದ್ದು, ಬಾಯಿಗೇ ಹೊಡೆದದ್ದು ಹೇಳಿದಳು. ಮಗು ಆಡಿದ ಪದ ಸರದಿ, ಅದನ್ನು ನಾನೇ ಕಲಿಸಿದ್ದು, ಮಗು ಅರ್ಥ ತಿಳಿದೇ ಆಡಿದ್ದು ಎಂದೂ ಹೇಳಿದಳು. ಸಬ್ ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಒಮ್ಮೆ ಅವಳ ಕಿವಿ ನೋಡಿದ, ಮತ್ತೆ ಎತ್ತಿಕೊಂಡು ಬರೆದ. ಗಂಡನ ಮೇಲೂ ಕಂಪ್ಲೇಂಟ್ ಕೊಡ್ತೀಯಾ ಎಂದು ಕೇಳಿದ. "ಅವನಿಗೆ ನಾನೇ ಕೊಟ್ಟಾತು" ಅಂದಳು.

ಸೂರಪ್ಪನನ್ನು ಆಸ್ಪತ್ರೆಯಿಂದಲೇ ಹಿಡಿದರು. ಅದೇ ದಿನ ಊರಿನ ಗಂಡಸರು ಹಾರೆ ತಂದು ನೀರಿನ ಘಟಕದ ಗಾಜು, ನಲ್ಲಿ, ಮೋಟಾರು ಎಲ್ಲ ಒಡೆದರು. ಹಟ್ಟಿಯವರ ಹಿಂದೆ ನಿಂತು ನೀರು ಹಿಡಿಯುವುದಕ್ಕಿಂತ ಯಾರಿಗೂ ಇಲ್ಲದಿರುವುದೇ ವಾಸಿ ಅನ್ನಿಸಿರಬೇಕು. ಈಗ ಊರಿಗೂ ಹಟ್ಟಿಗೂ ಒಂದೇ ಬೋರಿನ ಉಪ್ಪುನೀರು. ಇಂಥ ಸಮಾನತೆಗೆ ಯಾರೂ ಧರಣಿ ಕೂರಬೇಕಾಗಿಲ್ಲ, ದ್ವೇಷವೇ ತಂದುಕೊಡುತ್ತದೆ.

ತಿಪ್ಪೇರುದ್ರಮ್ಮನ ಬಟ್ಟೆಬರೆ ಬೀದಿಗೆ ಬಿತ್ತು. ದೇವಸಮುದ್ರದಲ್ಲಿ ಒಂದು ಕೋಣೆ ಹಿಡಿದು ಬಸ್ಸಿನಲ್ಲಿ ಓಡಾಡುತ್ತಾಳೆ. ಅವಳನ್ನು ತೆಗೆಯಿರಿ ಎಂದು ಊರಿನವರು ಅರ್ಜಿ ಹಾಕಿದರು, ಅಂಗನವಾಡಿಯ ಕಿಟಕಿಗೆ ಕಲ್ಲು ತೂರಿದರು. ಒಂದು ಕಲ್ಲು ಓದುತ್ತಿದ್ದ ಪುಸ್ತಕದ ಮೇಲೇ ಬಿತ್ತು. ಅವಳು ಗಾಜಿನ ಚೂರು ಕೊಡವಿ ಓದು ಮುಂದುವರಿಸಿದಳು. ಊರಿನ ಮಕ್ಕಳು ಕೆಲಕಾಲ ಬರಲಿಲ್ಲ. ಮನೆಯಲ್ಲಿ ಹಟ ಮಾಡಿ ಒಂದೊಂದಾಗಿ ಮತ್ತೆ ಬಂದವು. ಚಂದ್ರಣ್ಣ ತಿಂಗಳುಗಳ ನಂತರ ಜಾಮೀನಿನ ಮೇಲೆ ಬಂದ, ಒಂದು ಕಣ್ಣು ಮಂಜು. ಸೂರಪ್ಪನೂ ಬಂದ, ಒಂದು ಕೈ ಸೊಟ್ಟ.

ಸೂರಪ್ಪನ ಮೇಲಿನ ಕೇಸು ಈ ವರ್ಷ ಮೊಳಕಾಲ್ಮುರಿನ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ತಿಪ್ಪೇರುದ್ರಮ್ಮ ಕಟಕಟೆ ಹತ್ತಿದಳು. ಎರಡೂ ಕಿವಿ ಮಂದವಾಗಿದ್ದರಿಂದ ಸೂರಪ್ಪನ ವಕೀಲರು ಪ್ರತಿ ಪ್ರಶ್ನೆಯನ್ನೂ ಕೂಗಿ ಕೇಳಬೇಕಾಗಿತ್ತು. ಹೊರಗಿನ ಹೊಂಗೆ ಮರದ ಕೆಳಗಿದ್ದವರಿಗೂ ಕೇಳುತ್ತಿತ್ತು. ಸೂರಪ್ಪ ಎದುರಿಗೆ, ಅಂಜಿನೇಯ ಅವನ ಪಕ್ಕ.

"ಆ ಪದ ನಿಮ್ಮೂರಲ್ಲಿ ಯಾರೂ ಆಡಲ್ಲ, ಹೌದಾ?"

"ಆಡಲ್ಲ."

"ಗೊತ್ತಿದ್ದೂ ನೀವೇ ಬೇಕಂತ ಕಲಿಸಿದ್ರಿ?"

"ಬೇಕಂತಲೇ ಕಲಿಸಿದೆ."

"ನೀವು ಆ ಕಥೆ ಓದದೇ ಇದ್ದಿದ್ರೆ, ಆ ಪದ ಕಲಿಸದೇ ಇದ್ದಿದ್ರೆ, ಮಗು ಬಾಯಿ ಮುಚ್ಕಂಡಿರ್ತಿತ್ತು. ಹಲ್ಲು ಬೀಳ್ತಿರಲಿಲ್ಲ. ಹೌದೋ ಅಲ್ವೋ?"

"ಹೌದು ಸಾರ್."

ವಕೀಲರು ಗೆದ್ದವರಂತೆ ಜಡ್ಜ್ ಕಡೆ ತಿರುಗಿದರು. ಅವಳ ಮಾತು ಮುಗಿದಿರಲಿಲ್ಲ.

"ಆದ್ರೆ ಹಲ್ಲು ಬೀಳಿಸಿದ್ದು ಪದ ಅಲ್ಲ ಸಾರ್, ಕೊಡ. ಕೊಡ ಹಿಡ್ಕಂಡಿದ್ದು ಅಗೋ, ನಮ್ ಭಾವ. ಅದನ್ನೂ ಬರ್ಕಳಕ್ಕೆ ಹೇಳ್ರಿ."